ಕಾಫಿ ಒಪ್ಪಂದದಲ್ಲಿ ‘ಅರಣ್ಯ’ ಅಂದ್ರೆ ಯಾವುದು?

ಇಎಸ್‌ಜಿ ಅಂದ್ರೆ ಪರಿಸರ, ಸಾಮಾಜಿಕ ಹೊಣೆ, ಆಡಳಿತ. ಲಾಭದ ಜೊತೆ ಈ ಮೂರರ ಲೆಕ್ಕವನ್ನೂ ಕಂಪನಿ ಕೊಡಬೇಕು. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಸೆಬಿ 2022-23ರಿಂದ ಇಂಥ ವರದಿ ಕಡ್ಡಾಯ ಮಾಡಿತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಸಣ್ಣ ಬೆಳೆಗಾರರನ್ನು ಸೆಬಿ ಏನೂ ಕೇಳಲ್ಲ. ಕೇಳುವವರು ಕಾಫಿ ಕೊಳ್ಳುವವರು. ಅದೂ ಒಪ್ಪಂದದ ಒಂದೇ ಸಾಲಿನಲ್ಲಿ: ಅರಣ್ಯನಾಶ ಮಾಡಿಲ್ಲ, ಕಾನೂನು ಮೀರಿಲ್ಲ.

ಆ ಸಾಲಿನ ಬೇರು ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದಲ್ಲಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದ ಕಾಫಿಗೆ ಅಲ್ಲಿ ಮಾರುಕಟ್ಟೆ ಇಲ್ಲ. ತೋಟದ ಜಿಪಿಎಸ್ ಗುರುತು ಕೊಡಬೇಕು. 4 ಹೆಕ್ಟೇರ್ ಮೀರಿದರೆ ಇಡೀ ಗಡಿಯದ್ದು. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ. (ಅಡಿಕೆ ಈ ಪಟ್ಟಿಯಲ್ಲಿಲ್ಲ.)

ಅರ್ಧ ಹೆಕ್ಟೇರ್ ಮೀರಿದ ಜಾಗ, 5 ಮೀಟರ್ ಮೀರಿದ ಮರ, ಶೇ 10ಕ್ಕಿಂತ ಹೆಚ್ಚು ಹಸಿರು ಚಾವಣಿ ಇದ್ದರೆ ಅದು ಅರಣ್ಯ ಅನ್ನುತ್ತೆ ನಿಯಮ. ನಮ್ಮ ನೆರಳಿನ ಕಾಫಿ ತೋಟದಲ್ಲೂ ಇವೆಲ್ಲ ಇವೆಯಲ್ಲ! ಆದರೆ ಮುಖ್ಯವಾಗಿ ಕೃಷಿಗೆ ಬಳಸುವ ಜಾಗ, ಮರದಡಿಯ ಬೆಳೆಯೂ ಸೇರಿ, ಅರಣ್ಯವಲ್ಲ ಅಂತಲೂ ಅದೇ ನಿಯಮದಲ್ಲಿದೆ. ಒಪ್ಪಂದದಲ್ಲಿ ಈ ಎರಡನೇ ಮಾತು ಇರಲೇಬೇಕು. ಇಲ್ಲದಿದ್ದರೆ ಸಿಲ್ವರ್ ಓಕ್ ಮಾರಿದ್ದೂ ಉಪಗ್ರಹ ಚಿತ್ರದಲ್ಲಿ ಕಾಡು ಕಡಿದಂತೆ ಕಂಡೀತು.

ನಿಜವಾದ ತೊಡಕು ‘ಕಾನೂನು ಮೀರಿಲ್ಲ’ ಅನ್ನೋದರಲ್ಲಿದೆ. ಭೂಮಿಯ ಹಕ್ಕೂ ಅದರೊಳಗೆ ಬರುತ್ತೆ. ಸುಪ್ರೀಂ ಕೋರ್ಟ್‌ನ 1996ರ ಗೋದಾವರ್ಮನ್ ಆದೇಶದಂತೆ, ಮಾಲೀಕ ಯಾರೇ ಇರಲಿ, ದಾಖಲೆಯಲ್ಲಿ ಅರಣ್ಯ ಎಂದಿದ್ದರೆ ಅದು ಅರಣ್ಯ. ಮಲೆನಾಡಿನಲ್ಲಿ ಡೀಮ್ಡ್ ಫಾರೆಸ್ಟ್, ಸೆಕ್ಷನ್ 4, ಸೊಪ್ಪಿನಬೆಟ್ಟದ ತಕರಾರು ಇನ್ನೂ ಮುಗಿದಿಲ್ಲ. ಫಾರಂ 50, 53, 57 ಹಾಕಿ ಕಾಯುತ್ತಿರುವವರ ಕಥೆ ಬೇರೆಯೇ. ಮೂವತ್ತು ವರ್ಷದ ತೋಟ, 2020ರ ನಂತರ ಒಂದು ಮರ ಕಡಿದಿಲ್ಲ, ಆದರೆ ಹಕ್ಕುಪತ್ರ ಇಲ್ಲ. ಇವರು ಆ ಸಾಲಿಗೆ ಸಹಿ ಹಾಕಿದರೆ ಇಲಾಖೆಯ ವಿಳಂಬದ ಹೊಣೆಯನ್ನು ತಾವೇ ಹೊತ್ತಂತೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಷರತ್ತಾಗಿ ಬರೆಸಿ, ಅರ್ಜಿ ಬಾಕಿ ಇರುವುದನ್ನು ಅಲ್ಲೇ ನಮೂದಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಸಾಮಾಜಿಕ ಭಾಗದಲ್ಲಿ ‘ಅಂತರರಾಷ್ಟ್ರೀಯ ಮಾನದಂಡ’ ಸಾಲದು. ಕನಿಷ್ಠ ವೇತನದ ಯಾವ ಅಧಿಸೂಚನೆ ಅಂತ ಹೆಸರಿಸಲಿ. ಆಡಳಿತ ಅನ್ನೋದು ಕೊಳ್ಳುವವರಿಗೂ ಅನ್ವಯಿಸಬೇಕು: ತೂಕ, ಔಟ್‌ಟರ್ನ್ ಪರೀಕ್ಷೆ, ಹಣ ಕೊಡುವ ದಿನ.

ದಂಡದ ಮೊತ್ತ ನೋಡಿ ಹೆದರುವವರಿಗೆ ಒಂದು ಮಾತು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರವನ್ನಷ್ಟೇ.