ಬಾವಿಗೆ ವಿಷ ಹಾಕಿದವರು ಯಾರು?

ಕ್ರಿ.ಶ. 1321ರಲ್ಲಿ ಫ್ರಾನ್ಸ್‌ನ ದಕ್ಷಿಣ ಭಾಗದಲ್ಲಿ ಒಂದು ಸುದ್ದಿ ಹಬ್ಬಿತು. ಕುಷ್ಠರೋಗಿಗಳು ಸೇರಿಕೊಂಡು ಬಾವಿಗಳಿಗೆ ವಿಷ ಬೆರೆಸುತ್ತಿದ್ದಾರೆ ಎಂಬುದೇ ಆ ಸುದ್ದಿ. ಬಾಯಿಂದ ಬಾಯಿಗೆ ಹೋದಂತೆ ಕಥೆ ಬೆಳೆಯಿತು. ಕುಷ್ಠರೋಗಿಗಳಿಗೆ ಹಣ ಕೊಟ್ಟವರು ಯಹೂದಿಗಳು, ಯಹೂದಿಗಳ ಬೆನ್ನಿಗೆ ನಿಂತವನು ಸ್ಪೇನ್‌ನ ಗ್ರಾನಡಾದ ಮುಸ್ಲಿಂ ದೊರೆ! ಆ ದೊರೆ ಬರೆದನೆನ್ನಲಾದ ಪತ್ರಗಳೂ ಸಿದ್ಧವಾದವು. ಪತ್ರಗಳು ಖೋಟಾ. ಆದರೆ ಪರೀಕ್ಷಿಸುವ ವ್ಯವಧಾನ ಯಾರಿಗಿತ್ತು? ಜೂನ್ ತಿಂಗಳಲ್ಲಿ ದೊರೆ ಐದನೇ ಫಿಲಿಪ್ ದೇಶದ ಕುಷ್ಠರೋಗಿಗಳ ಬಂಧನಕ್ಕೆ ಆಜ್ಞೆ ಹೊರಡಿಸಿದ. ಹಿಂಸಿಸಿ ತಪ್ಪೊಪ್ಪಿಗೆ ಪಡೆದು ಅನೇಕರನ್ನು ಸುಡಲಾಯಿತು. ಶಿನೋನ್ ಎಂಬಲ್ಲಿ 160 ಯಹೂದಿಗಳನ್ನು ಬೆಂಕಿಗೆ ಹಾಕಿದರೆಂದು ಆ ಕಾಲದ ವೃತ್ತಾಂತ ಹೇಳುತ್ತದೆ. ಇಂಥದೊಂದು ಸಂಚು ನಡೆದಿರಲೇ ಇಲ್ಲವೆಂಬುದು ಇಂದಿನ ಇತಿಹಾಸಕಾರರ ನಿಲುವು.

ಜನ ಇದನ್ನು ನಂಬಿದ್ದಾದರೂ ಏಕೆ? ಆರು ವರ್ಷಗಳ ಹಿಂದೆ, 1315ರಿಂದ 1317ರ ತನಕ, ಯುರೋಪ್ ಭೀಕರ ಕ್ಷಾಮ ಕಂಡಿತ್ತು. ಹಸಿವು, ತೆರಿಗೆ, ಸಾಲಗಳಿಂದ ಜನ ಕಂಗೆಟ್ಟಿದ್ದರು. ಮಳೆಯ ಮೇಲೆ ಸಿಟ್ಟು ತೀರಿಸಿಕೊಳ್ಳಲಾಗದು. ದೊರೆಯ ಮೇಲೆ ತೀರಿಸಿಕೊಳ್ಳುವ ಧೈರ್ಯವಿಲ್ಲ. ಊರ ಹೊರಗಿದ್ದ ಕುಷ್ಠರೋಗಿ, ಬೇರೆ ಧರ್ಮದ ಯಹೂದಿ, ಕಣ್ಣಿಗೆ ಕಾಣದ ಮುಸ್ಲಿಂ ದೊರೆ, ಈ ಮೂವರನ್ನು ಒಂದೇ ದಾರಕ್ಕೆ ಪೋಣಿಸಿದಾಗ ಎಲ್ಲ ಸಂಕಟಕ್ಕೂ ಒಂದು ಕಾರಣ ಸಿಕ್ಕಿಬಿಟ್ಟಿತು. ಅರ್ಥವಾಗದ ಕಷ್ಟಕ್ಕಿಂತ ಹೆಸರುಳ್ಳ ಶತ್ರು ಮನಸ್ಸಿಗೆ ಹೆಚ್ಚು ಸಮಾಧಾನ ಕೊಡುತ್ತಾನೆ.

1348ರಲ್ಲಿ ಪ್ಲೇಗ್ ಮಹಾಮಾರಿ ಯುರೋಪನ್ನು ಆವರಿಸಿದಾಗ ಹಳೆಯ ಕಥೆಗೆ ಮತ್ತೆ ಜೀವ ಬಂತು. ಜಿನೀವಾ ಸರೋವರದ ದಂಡೆಯ ಶಿಯೋನ್ ಕೋಟೆಯಲ್ಲಿ ಯಹೂದಿಗಳನ್ನು ಹಿಂಸಿಸಿ ಪಡೆದ ತಪ್ಪೊಪ್ಪಿಗೆಗಳ ಪ್ರತಿಗಳು ಸ್ಟ್ರಾಸ್‌ಬರ್ಗ್ ನಗರಕ್ಕೂ ತಲುಪಿದವು. ಒಪ್ಪಿಕೊಂಡರೆ ಅದು ಸಾಕ್ಷಿ, ನಿರಾಕರಿಸಿದರೆ ಸಂಚನ್ನು ಬಚ್ಚಿಡುತ್ತಿದ್ದಾರೆಂಬುದಕ್ಕೆ ಸಾಕ್ಷಿ. ಇಂಥ ಕಥೆಯನ್ನು ಸುಳ್ಳೆಂದು ತೋರಿಸುವ ದಾರಿಯೇ ಇರುವುದಿಲ್ಲ.

ಹಾಗೆಂದು ಆ ಕಾಲದಲ್ಲಿ ವಿವೇಕಿಗಳೇ ಇರಲಿಲ್ಲವೆಂದಲ್ಲ. ಪೋಪ್ ಆರನೇ ಕ್ಲೆಮೆಂಟ್ 1348ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಸರಳ ತರ್ಕವೊಂದನ್ನು ಮುಂದಿಟ್ಟರು: ಯಹೂದಿಗಳೂ ಈ ರೋಗದಿಂದ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ಊರುಗಳಲ್ಲೂ ರೋಗ ಬಂದಿದೆ. ಸ್ಟ್ರಾಸ್‌ಬರ್ಗ್‌ನ ಆಡಳಿತಗಾರರೂ ಯಹೂದಿಗಳ ರಕ್ಷಣೆಗೆ ಯತ್ನಿಸಿದರು. ಅವರನ್ನೇ ಪದಚ್ಯುತಗೊಳಿಸಲಾಯಿತು. 1349ರ ಫೆಬ್ರವರಿ 14ರಂದು ಅಲ್ಲಿ ನೂರಾರು ಯಹೂದಿಗಳನ್ನು ಸುಟ್ಟರು. ಆಗಿನ್ನೂ ಆ ನಗರಕ್ಕೆ ಪ್ಲೇಗ್ ಕಾಲಿಟ್ಟಿರಲೇ ಇಲ್ಲ! ಯಹೂದಿಗಳಿಗೆ ಕೊಡಬೇಕಿದ್ದ ಸಾಲಗಳು ರದ್ದಾದವು, ಅವರ ನಗದು ಹಣ ಹಂಚಿಹೋಯಿತು. ವದಂತಿಯಿಂದ ಯಾರಿಗೆ ಲಾಭ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ?

ವಿದ್ವತ್ತಿನ ವೇಷ ತೊಟ್ಟ ತಪ್ಪೂ ಇತ್ತು. ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯರು ದೊರೆಗೆ ಕೊಟ್ಟ ವರದಿಯಲ್ಲಿ, 1345ರ ಮಾರ್ಚ್‌ನಲ್ಲಿ ಕುಂಭ ರಾಶಿಯಲ್ಲಿ ಮೂರು ಗ್ರಹಗಳು ಕೂಡಿದ್ದೇ ರೋಗದ ಮೂಲವೆಂದರು. ಇನ್ನೊಂದೆಡೆ, ಅದೇ ಗ್ರಾನಡಾದ ವೈದ್ಯ ಮತ್ತು ಮಂತ್ರಿ ಇಬ್ನುಲ್ ಖತೀಬ್ ತಾನು ಕಂಡದ್ದನ್ನು ಬರೆದಿಟ್ಟ. ರೋಗಿಯ ಸಂಪರ್ಕಕ್ಕೆ ಬಂದವರಿಗೆ ರೋಗ ಬರುತ್ತದೆ, ಬಟ್ಟೆ ಪಾತ್ರೆಗಳಿಂದಲೂ ಹರಡುತ್ತದೆ, ದೂರವಿದ್ದವರು ಉಳಿಯುತ್ತಾರೆ ಎಂದ. ರೋಗ ಅಂಟುವುದೇ ಇಲ್ಲವೆಂದು ವಾದಿಸುತ್ತಿದ್ದ ತನ್ನದೇ ಸಮುದಾಯದ ವಿದ್ವಾಂಸರಿಗೆ ಅನುಭವ ಮತ್ತು ಪ್ರತ್ಯಕ್ಷ ಪ್ರಮಾಣವನ್ನು ಮುಂದಿಟ್ಟು ಉತ್ತರಿಸಿದ. ಅವನಿಗೂ ಪೂರ್ಣ ಸತ್ಯ ತಿಳಿದಿರಲಿಲ್ಲ. ಪ್ಲೇಗ್‌ನ ಬ್ಯಾಕ್ಟೀರಿಯಾ ಪತ್ತೆಯಾದದ್ದು 1894ರಲ್ಲಿ, ಹಾಂಕಾಂಗ್‌ನಲ್ಲಿ. ಆದರೆ ಅವನು ಹಿಡಿದ ದಾರಿ ಸರಿಯಾಗಿತ್ತು.

1896ರಲ್ಲಿ ಪ್ಲೇಗ್ ಬೊಂಬಾಯಿಗೆ ಬಂತು. ಮರುವರ್ಷ ಅದಕ್ಕೆ ಲಸಿಕೆ ತಯಾರಿಸಿ ಮೊದಲು ತನ್ನ ದೇಹಕ್ಕೇ ಚುಚ್ಚಿಕೊಂಡವರು ವಾಲ್ಡೆಮಾರ್ ಹಾಫ್‌ಕಿನ್. ಅವರೊಬ್ಬ ಯಹೂದಿ ವಿಜ್ಞಾನಿ. ಜನ ಹೆದರಿದ್ದಾಗ ತಾವೇ ಎಲ್ಲರೆದುರು ಲಸಿಕೆ ಹಾಕಿಸಿಕೊಂಡು, ಪ್ರಯೋಗಾಲಯಕ್ಕೆ ಕಟ್ಟಡ ಒದಗಿಸಿದವರು ಮೂರನೇ ಆಗಾ ಖಾನ್. ಬಾವಿಗೆ ವಿಷ ಹಾಕುತ್ತಾರೆಂದು ಒಂದು ಕಾಲದಲ್ಲಿ ಜೊತೆಯಾಗಿಯೇ ಆರೋಪ ಹೊತ್ತಿದ್ದ ಎರಡು ಸಮುದಾಯಗಳ ಇಬ್ಬರು ಜೊತೆಯಾಗಿಯೇ ಮದ್ದನ್ನು ಜನರಿಗೆ ತಲುಪಿಸಿದರು.

ನಮ್ಮ ಕಾಲವೂ ಈ ಕಾಯಿಲೆಯಿಂದ ಮುಕ್ತವಲ್ಲ. 2020ರಲ್ಲಿ ಕೊರೋನಾ ಹರಡಿದ ಅಪವಾದವನ್ನು ತಬ್ಲೀಗಿಗಳ, ಅವರ ಮೂಲಕ ಇಡೀ ಮುಸ್ಲಿಂ ಸಮುದಾಯದ ತಲೆಗೆ ಕಟ್ಟಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತಿದೆ ಎಂದಿತು. ಆದರೆ ಅನ್ಯಾಯಕ್ಕೊಳಗಾದವರು ವದಂತಿಗೆ ಅತೀತರೆಂದೇನೂ ಅಲ್ಲ. ಪೋಲಿಯೋ ಹನಿಯಿಂದ ಮುಸ್ಲಿಮರ ಸಂತಾನ ನಿಲ್ಲಿಸುವ ಸಂಚಿದೆಯೆಂದು ಉತ್ತರ ಪ್ರದೇಶದಲ್ಲಿ ನಂಬಿದವರಿದ್ದರು, ಮಕ್ಕಳು ಅದರ ಬೆಲೆ ತೆತ್ತರು. ಉಲಮಾಗಳೇ ಮುಂದೆ ಬಂದು ಹೇಳಿದ ಮೇಲೆ ಬಾಗಿಲುಗಳು ತೆರೆದವು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಸುದ್ದಿಯೊಂದು ನಮ್ಮ ದ್ವೇಷಕ್ಕೋ ಭಯಕ್ಕೋ ತೀರಾ ಹಿತವಾಗಿ ಕೇಳಿಸಿದರೆ, ಅದನ್ನು ಮತ್ತೊಬ್ಬರಿಗೆ ದಾಟಿಸುವ ಮೊದಲು ಕ್ಲೆಮೆಂಟ್ ಕೇಳಿದಂಥ ಪ್ರಶ್ನೆಯೊಂದನ್ನು ಕೇಳಿಕೊಳ್ಳಬೇಕು. ಅವರು ಇಲ್ಲದ ಊರಿನಲ್ಲೂ ಈ ಕಷ್ಟ ಇದೆಯಲ್ಲವೇ?