ಕನ್ನಡ ಸಣ್ಣಕಥೆಗಳಲ್ಲಿ ತಾಯಿ–ಮಗಳು: ತವರಿನ ಮರುವ್ಯಾಖ್ಯಾನ

ಗರತಿಯ ಹಾಡುಗಳಲ್ಲಿ ತವರೆಂದರೆ ಬಹುಮಟ್ಟಿಗೆ ತಾಯಿಯೇ. ತಾಯಿ ಇರುವವರೆಗೆ ತವರಿನ ಬಾಗಿಲು ಮಗಳಿಗೆ ತೆರೆದಿರುತ್ತದೆಂಬ ನಂಬಿಕೆ ಅವುಗಳ ಆಧಾರ. ಲೇಖಕಿಯರ ಸಣ್ಣಕಥೆಗಳು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವು.

ಕೊಡಗಿನ ಗೌರಮ್ಮ (1912–1939) ವಿಧವೆಯರ ಬದುಕನ್ನು ಕಥೆಯ ಕೇಂದ್ರಕ್ಕೆ ತಂದು, ಕುಟುಂಬವು ಹೆಣ್ಣಿಗೆ ನಿಜಕ್ಕೂ ಆಸರೆಯೇ ಎಂಬ ಪ್ರಶ್ನೆಯನ್ನೆತ್ತಿದರು. ವೈದೇಹಿಯವರ ‘ಅಮ್ಮಚ್ಚಿಯೆಂಬ ನೆನಪು’ ಕಥೆಯಲ್ಲಿ ಆ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ತಾಯಿ–ಮಗಳು ಬಾಳುವ ಮನೆಯಲ್ಲಿ ವೆಂಕಪ್ಪಯ್ಯನ ಅಧಿಕಾರ ಬೆಳೆಯುತ್ತದೆ. ಮಗಳ ಉಡುಗೆ, ಓಡಾಟಗಳ ಮೇಲೂ ಅದು ಚಾಚಿಕೊಳ್ಳುತ್ತದೆ. ತಾಯಿಯ ಸನ್ನಿಧಿಯೊಂದೇ ಮಗಳಿಗೆ ರಕ್ಷೆಯಾಗದು.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯಲ್ಲಿ ಸಂಬಂಧದ ದಿಕ್ಕೇ ತಿರುವುಮುರುವಾಗಿದೆ. ಪತಿಯಿಂದ ಉಪೇಕ್ಷಿತಳಾದ ಮೆಹರುನ್ ಕೂಸಿನೊಡನೆ ತವರಿಗೆ ಬಂದರೆ, ಅಣ್ಣಂದಿರು ಮನೆತನದ ಮಾನದ ಹೆಸರಿನಲ್ಲಿ ಅವಳನ್ನು ಹಿಂದಕ್ಕೆ ಕರೆತರುತ್ತಾರೆ. ಸಾಯಹೊರಟ ಆಕೆಯನ್ನು ತಡೆದು ನಿಲ್ಲಿಸುವವಳು ಹಿರಿಯ ಮಗಳು ಸಲ್ಮಾ. ಇಲ್ಲಿ ಮಗಳೇ ತಾಯಿಗೆ ತವರು. ಈ ಕಥೆಯ ಹೆಸರನ್ನೇ ಹೊತ್ತ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು.

ಈ ಕಥೆಗಳು ತಾಯ್ತನವನ್ನು ವೈಭವೀಕರಿಸುವುದಿಲ್ಲ. ತಾಯಿಯನ್ನು ದೂಷಿಸುವುದೂ ಇಲ್ಲ. ಮನೆಯ ಮೇಲೆ ಹಕ್ಕಿಲ್ಲದವಳು ಮಗಳಿಗೆ ಮನೆಯನ್ನು ಹೇಗೆ ಕೊಟ್ಟಾಳು ಎಂಬುದೇ ಅವುಗಳ ಮೂಲಪ್ರಶ್ನೆ. ಹಾಡಿನಲ್ಲಿ ಸ್ಥಳವಾಗಿದ್ದ ತವರು ಕಥೆಯಲ್ಲಿ ಇಬ್ಬರು ಹೆಣ್ಣುಗಳ ನಡುವಿನ ಸಂಬಂಧವಾಯಿತು. ಸಣ್ಣಕಥೆಯ ಚರಿತ್ರೆಯಲ್ಲಿ ಇದು ಗಮನಾರ್ಹ ಪಲ್ಲಟ.