ತಿರುಗದೆ ನಿಂತ ನೇಗಿಲ ಚಕ್ರ

ಹಳೆಯ ನೇಗಿಲಿನ ಚಕ್ರ ತುಕ್ಕು ಹಿಡಿದು ಸಿಕ್ಕಿಕೊಂಡರೆ ಬಿಡಿಸುವುದು ಹೇಗೆ? ಶ್ರೀನಿವಾಸಪುರದ ಕಡೆಯ ಹಿರಿಯ ರೈತರನ್ನು ಹೀಗೆ ಕೇಳಿದರೆ 'ನೇಗಿಲಿಗೆ ಎಲ್ಲಿಯ ಚಕ್ರ?' ಎಂಬ ಮರುಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ನಮ್ಮ ನಾಡನೇಗಿಲಿಗೆ ಚಕ್ರ ಇರಲೇ ಇಲ್ಲ. ರಾಗಿ ಹೊಲದ ಕೂರಿಗೆ, ಕುಂಟೆ, ಹಲುಬೆಗಳಿಗೂ ಇರಲಿಲ್ಲ. ಚಕ್ರವಿದ್ದದ್ದು ಗಾಡಿಗೆ ಮಾತ್ರ. ನೇಗಿಲಿಗೆ ಚಕ್ರ ಬಂದದ್ದು ಕಬ್ಬಿಣದ ನೇಗಿಲಿನ ಜೊತೆ. ಆ ಚಕ್ರ ಸಿಕ್ಕಿಕೊಳ್ಳುವುದರ ಹಿಂದೆ ಒಂದು ಪುಟ್ಟ ಚರಿತ್ರೆಯೇ ಇದೆ.

ಗಡಿಯ ತೆಲುಗು ಮಾತಿನಲ್ಲಿ 'ಮಡಕ' ಎನ್ನಿಸಿಕೊಳ್ಳುವ ನಾಡನೇಗಿಲಿನ ರಚನೆ ಸರಳ. ಜಾಲಿಯಂಥ ಗಟ್ಟಿ ಮರದ ದಿಂಡು, ತುದಿಗೆ ಕಬ್ಬಿಣದ ಗುಳ, ಹಿಡಿಯಲು ಮೇಳಿ, ಮುಂದಕ್ಕೆ ನೊಗದವರೆಗೂ ಚಾಚಿದ ಉದ್ದನೆಯ ಈಸು. ಈ ಈಸನ್ನು ನೊಗಕ್ಕೆ ಕಟ್ಟುವ ಜಾಗವನ್ನು ಹಿಂದೆ ಮುಂದೆ ಮಾಡಿದರೆ ಗುಳ ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ನಿರ್ಧಾರವಾಗುತ್ತದೆ. ಆಳ ಹೊಂದಿಸಲು ಬೇರೆ ಸಾಧನವೇ ಬೇಕಿಲ್ಲ. ಬೆಣೆಗೆ ನಾಲ್ಕು ಪೆಟ್ಟು ಕೊಟ್ಟರೆ ಇಡೀ ನೇಗಿಲು ಕಳಚಿ ಬರುತ್ತದೆ. ಸಿಕ್ಕಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ಟಿಪ್ಪುವಿನ ಪತನದ ನಂತರ, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಬಳಿಯ ನೇಗಿಲನ್ನು ನೋಡಿ, ಅದಕ್ಕೆ ಮಣ್ಣು ಸೀಳುವ ಕತ್ತಿಯೂ ಇಲ್ಲ, ಮಣ್ಣು ಮಗುಚುವ ರೆಕ್ಕೆಯೂ ಇಲ್ಲ ಎಂದು ಬರೆದ. ಆದರೆ ಭಾರತದ ಬೇಸಾಯ ಪರಿಶೀಲಿಸಲು 1889ರಲ್ಲಿ ಬಂದ ಕೃಷಿ ರಸಾಯನ ತಜ್ಞ ವೋಲ್ಕರ್‌ಗೆ ಕಂಡದ್ದು ಬೇರೆ. ಇಲ್ಲಿಯ ಉಪಕರಣಗಳು ಇಲ್ಲಿಯ ನೆಲಕ್ಕೆ, ಎತ್ತಿನ ಶಕ್ತಿಗೆ, ರೈತನ ಕಿಸೆಗೆ ತಕ್ಕಂತಿವೆ ಎಂಬುದು 1893ರಲ್ಲಿ ಪ್ರಕಟವಾದ ಅವನ ವರದಿಯ ಧೋರಣೆ.

ಚಕ್ರ ಬಂದ ದಾರಿ

ಚಕ್ರವುಳ್ಳ ನೇಗಿಲು ಯೂರೋಪಿನಲ್ಲಿ ಬಲು ಹಳೆಯದು. ಆಲ್ಪ್ಸ್ ಪರ್ವತ ಸೀಮೆಯಲ್ಲಿ ನೇಗಿಲಿಗೆ ಎರಡು ಸಣ್ಣ ಚಕ್ರ ಸೇರಿಸಿದ್ದನ್ನು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಮುಂದೆ ಕಾರ್ಖಾನೆಗಳಲ್ಲಿ ತಯಾರಾದ ಕಬ್ಬಿಣದ ನೇಗಿಲಿನ ಈಸು ಗಿಡ್ಡ. ಅದನ್ನು ಸರಪಳಿಯಿಂದ ಎಳೆಯಬೇಕು. ನೊಗದ ಆಸರೆ ಇಲ್ಲದ ಕಾರಣ ಆಳ ಹತೋಟಿಗೆ ತರಲು ಹಲವು ಮಾದರಿಗಳಲ್ಲಿ ಮುಂದುಗಡೆ ಪುಟ್ಟ ಚಕ್ರ ಬಂತು. ನಾಡನೇಗಿಲಿನಲ್ಲಿ ನೊಗ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚಕ್ರ ವಹಿಸಿಕೊಂಡಿತು.

ಕರ್ನಾಟಕದಲ್ಲಿ ಈ ಬದಲಾವಣೆಗೆ ಎರಡು ಮೂರು ಕವಲುಗಳಿವೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ಸೋಕಿದರೆ ಭೂಮಿಗೆ ವಿಷವೇರುತ್ತದೆಂಬ ಅಂಜಿಕೆ ಇದ್ದುದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ವರ್ಷಗಳೇ ಹಿಡಿದವು. ಮೈಸೂರು ಸಂಸ್ಥಾನದಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ನೀಡಿದ 30 ಎಕರೆ ಜಮೀನಿನಲ್ಲಿ ಹೆಬ್ಬಾಳದ ಪ್ರಯೋಗ ಕ್ಷೇತ್ರ ಹುಟ್ಟಿಕೊಂಡಿತು. ಸುಧಾರಿತ ಬೇಸಾಯದ ಪ್ರಚಾರಕ್ಕೆ ಅದು ನೆಲೆಯಾಯಿತು.

ಕೋಲಾರದ್ದು ಇನ್ನೊಂದು ಕಥೆ. 1876–78ರ ಧಾತು-ಈಶ್ವರ ಬರದಲ್ಲಿ ತಬ್ಬಲಿಗಳಾದ ಮಕ್ಕಳಿಗೆ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಇಲ್ಲಿ ಆಶ್ರಯ ಕೊಟ್ಟರು. 1890ರಲ್ಲಿ ಆ ಸಂಸ್ಥೆ ಅಮೆರಿಕನ್ ಮೆಥಡಿಸ್ಟ್ ಮಿಷನ್ನಿನ ಕೈಸೇರಿತು. ಮಿಷನ್ನಿನ ಕೈಗಾರಿಕಾ ಶಾಲೆಯಿಂದ ಹೊರಬಂದ ನೇಗಿಲಿಗೆ 'ಕೋಲಾರ ಮಿಷನ್ ನೇಗಿಲು' ಎಂದೇ ಹೆಸರಾಯಿತು. ಬರದ ನೆರಳಿನಲ್ಲಿ ಆರಂಭವಾದ ಸಂಸ್ಥೆಯೊಂದು ಉಳುವ ಸಾಧನಕ್ಕೆ ಹೆಸರು ಕೊಟ್ಟದ್ದು ಗಮನಾರ್ಹ.

ಆದರೆ ಹೊಸ ನೇಗಿಲು ಹಳ್ಳಿಯ ಒಂದು ಕಟ್ಟುಪಾಡಿನ ಹೊರಗೆ ಉಳಿಯಿತು. ಮರದ ನೇಗಿಲಿನ ರಿಪೇರಿ ಆಯಗಾರರಾದ ಬಡಗಿ, ಕಮ್ಮಾರರ ಪಾಲಿನದು. ಸುಗ್ಗಿಯ ಕಣದಲ್ಲಿ ಅಳೆದುಕೊಟ್ಟ ಧಾನ್ಯವೇ ಅವರ ಕೂಲಿ. ಎರಕದ ಬಿಡಿಭಾಗ ಮುರಿದರೆ ಮಾತ್ರ ಪೇಟೆಗೆ ಹೋಗಿ ದುಡ್ಡು ಕೊಟ್ಟು ತರಬೇಕಿತ್ತು. ಟ್ರ್ಯಾಕ್ಟರ್ ಬಂದ ಮೇಲೆ, ಹೊಲಗಳು ಮಾವಿನ ತೋಪುಗಳಾದ ಮೇಲೆ ಅಂಥ ನೇಗಿಲು ಕೊಟ್ಟಿಗೆಯ ಮೂಲೆ ಸೇರಿದ್ದರೆ ಅದು ಸಹಜ.

ಬಿಡಿಸುವ ವಿದ್ಯೆ

ಮೂಲೆ ಸೇರಿದ ನೇಗಿಲಿನ ಚಕ್ರ ಏಕೆ ಸಿಕ್ಕಿಕೊಳ್ಳುತ್ತದೆ? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅಚ್ಚಿಗೂ ಚಕ್ರದ ಗುಂಬಕ್ಕೂ ನಡುವಿನ ಸಂದಿಯಲ್ಲಿ ಅದು ಉಬ್ಬುತ್ತದೆ. ಒಣಗಿದ ಗ್ರೀಸು, ನುಣುಪು ಕೆಮ್ಮಣ್ಣು ಸೇರಿದರೆ ಬೆಸುಗೆ ಹಾಕಿದಂತೆಯೇ ಸರಿ.

ಇದಕ್ಕೆ ಮದ್ದು ಗಾಡಿಯ ವಿದ್ಯೆಯಲ್ಲೇ ಇದೆ. ಗಾಡಿಯವರು ಕಡಾಣಿ ಕಿತ್ತು, ಚಕ್ರ ಸರಿಸಿ, ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿದರೆ ಕೀಲೆಣ್ಣೆ ಸಿದ್ಧ. ಚಕ್ರಕ್ಕೆ ಪಟ್ಟಿ ತೊಡಿಸುವಾಗ ಕಮ್ಮಾರರು ಅದನ್ನು ಕೆಂಪಗೆ ಕಾಯಿಸಿ ಹಿಗ್ಗಿಸಿ, ತೊಡಿಸಿದ ಮೇಲೆ ನೀರು ಸುರಿದು ಬಿಗಿಗೊಳಿಸುತ್ತಿದ್ದರು. ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ ಎಂಬ ಇದೇ ತತ್ವ ಸಿಕ್ಕಿಕೊಂಡ ಚಕ್ರವನ್ನು ಬಿಡಿಸುವುದಕ್ಕೂ ಸಲ್ಲುತ್ತದೆ.

ಮೊದಲು ತಂತಿ ಬ್ರಷ್ಷಿನಿಂದ ಮಣ್ಣು ತೆಗೆದು, ತುಕ್ಕಿನಡಿ ಪಿನ್ನು, ನಟ್ಟು ಅಥವಾ ತಿರುಪು ಅಡಗಿದೆಯೇ ನೋಡಬೇಕು. ಅದನ್ನು ತೆಗೆಯದೆ ಎಷ್ಟು ಎಳೆದರೂ ವ್ಯರ್ಥ. ಸೀಮೆಎಣ್ಣೆಗೆ ತೆಳ್ಳನೆಯ ಎಂಜಿನ್ ಆಯಿಲ್ ಬೆರೆಸಿ ಸಂದಿಗೆ ಬಿಟ್ಟು, ದಿನಕ್ಕೊಮ್ಮೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಕೆಲವು ದಿನ ಕಾಯಬೇಕು. ಆಮೇಲೆ ಚಕ್ರವನ್ನು ಒಂದೇ ದಿಕ್ಕಿಗೆ ಜಗ್ಗದೆ ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ಬಗ್ಗದಿದ್ದರೆ ಎಣ್ಣೆಯನ್ನು ಪೂರ್ತಿ ಒರೆಸಿ, ಬಯಲಿನಲ್ಲಿ, ಗುಂಬವನ್ನಷ್ಟೇ ಸುತ್ತಲೂ ಸಮನಾಗಿ ಕಾಯಿಸಬೇಕು. ಗುಂಬ ಹಿಗ್ಗಿದಾಗ ಅಚ್ಚಿನ ಹಿಡಿತ ಸಡಿಲವಾಗುತ್ತದೆ.

ಎಚ್ಚರ ಬೇಕಾದದ್ದು ಇಲ್ಲೇ. ಗಾಡಿಯ ಪಟ್ಟಿ ಬಾಗುವ ಕಬ್ಬಿಣ. ನೇಗಿಲಿನ ಚಕ್ರ ಸಾಮಾನ್ಯವಾಗಿ ಎರಕದ ಬೀಡು. ಅದು ಬಾಗುವುದಿಲ್ಲ, ಸಿಡಿಯುತ್ತದೆ. ಕಾದ ಬೀಡಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ದೊಡ್ಡ ಸುತ್ತಿಗೆಯ ಒಂದೇ ಪೆಟ್ಟಿಗೆ ಅರೆಕಾಲು ಮುರಿಯಬಹುದು. ಮುರಿದರೆ ಆ ಮಾದರಿಯ ಇನ್ನೊಂದು ಚಕ್ರ ಸಿಗುವುದು ದುರ್ಲಭ.

ಚಕ್ರ ಬಿಟ್ಟ ಮೇಲೆ ಗ್ರೀಸು ಹಚ್ಚಿ ಜೋಡಿಸಬಹುದು. ಬಣ್ಣ ಬಳಿಯುವ ಆತುರ ಬೇಡ. ಎರಕದ ಮೇಲೆ ಉಬ್ಬಿದ ಅಕ್ಷರ, ಅಂಕಿಗಳಿದ್ದರೆ ತಯಾರಕರ ಹೆಸರನ್ನೂ ಮಾದರಿಯನ್ನೂ ಅವೇ ಹೇಳುತ್ತವೆ. ಆ ನೇಗಿಲು ಬೆಳಗಾವಿಯದೋ, ಕೋಲಾರದ್ದೋ, ಹಡಗಿನಲ್ಲಿ ಬಂದದ್ದೋ ಎಂಬುದಕ್ಕೆ ಎಷ್ಟೋ ಸಲ ಉಳಿದಿರುವ ಸಾಕ್ಷಿ ಅಷ್ಟೇ. ಗುಜರಿಯಲ್ಲಿ ಕಬ್ಬಿಣದ ತೂಕಕ್ಕೆ ಬೆಲೆ ಸಿಗುತ್ತದೆ, ಅಕ್ಷರಕ್ಕೆ ಸಿಗುವುದಿಲ್ಲ. ಮಾರುವ ಮುನ್ನ ಒಮ್ಮೆ ಮಣ್ಣು ಒರೆಸಿ ಓದಿ ನೋಡುವುದು ಒಳ್ಳೆಯದು.